ನಂಬರಿನ ಮೇಲೆ ಸುಣ್ಣ

ಮೂವತ್ತಾರನೇ ವಯಸ್ಸಿಗೆ ನಿವೃತ್ತನಾದವನು ನಮ್ಮ ಚಿತ್ತಾಪುರದಲ್ಲಿ ಬಹುಶಃ ನಾನೊಬ್ಬನೇ. ಉಳಿದವರ ನಿವೃತ್ತಿಗೆ ಶಾಲು, ಹಾರ, ಫೇಟಾ, ಕಣ್ಣೀರು ತುಂಬಿದ ಭಾಷಣ ಎಲ್ಲ ಇರುತ್ತವೆ. ನನ್ನದು ವಾಟ್ಸಾಪಿನಲ್ಲಿ ಬಂತು. 'ಗುತ್ತಿಗೆ ಮುಂದುವರಿಸಲಾಗುವುದಿಲ್ಲ' ಎಂದು ಒಂದೇ ಸಾಲು, ಕೆಳಗೆ ಕೈ ಮುಗಿದ ಒಂದು ಚಿತ್ರ. ಹನ್ನೊಂದು ವರ್ಷ ಹಳೆಯ ಗುಡಿಗಳ ದುರಸ್ತಿ ಕೆಲಸದಲ್ಲಿ ಸೈಟ್ ಸಹಾಯಕನಾಗಿದ್ದೆ. ಈಗ ಬಸ್ ಸ್ಟ್ಯಾಂಡ್ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಲ್ಲಿ ನಾನು ತಪ್ಪು ಮಾಡಿದರೆ ಹೆಚ್ಚೆಂದರೆ ಒಂದು ಹಾಳೆ ಹಾಳಾಗುತ್ತದೆ, ಒಂಬೈನೂರು ವರ್ಷದ ಮಂಟಪವಲ್ಲ.

ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಆಧಾರ್ ಕಾರ್ಡಿನ ನಕಲು ತೆಗೆಸಲು ಬಂದು, "ಸರ್, ನಿಮ್ಮ ಅನುಭವ ಜರಾ ಹೇಳ್ರಿ" ಎಂದರು. ಹನ್ನೊಂದು ವರ್ಷದಲ್ಲಿ ನನ್ನನ್ನು ಯಾರೂ ಸರ್ ಎಂದಿರಲಿಲ್ಲ. ಉಬ್ಬಿಹೋಗಿ ಬರೆದೇ ಕೊಡುತ್ತೇನೆ ಎಂದುಬಿಟ್ಟೆ. ಬಾಯಿಬಡುಕತನವೇ ನನ್ನ ಎಲ್ಲ ತಪ್ಪುಗಳ ಮೂಲ ಎಂಬುದನ್ನು ಮೊದಲಿಗೇ ಗುರುತು ಹಾಕಿಕೊಳ್ಳಿ.

ಕೆಲಸಕ್ಕೆ ಹೋದ ಮೊದಲ ದಿನವೇ ನಿಮಗೊಂದು ಕಥೆ ಎದುರಾಗುತ್ತದೆ. ಯಾವ ಊರಿನ ಗುಡಿಯ ಮುಂದೆ ನಿಂತು, "ಇದು ಯಾರು ಕಟ್ಟಿದ್ದು?" ಎಂದು ಕೇಳಿದರೂ ಉತ್ತರ ಒಂದೇ: "ಒಂದೇ ರಾತ್ರ್ಯಾಗ ಕಟ್ಯಾರ್ರಿ. ಕೋಳಿ ಕೂಗಿತು, ಅಷ್ಟಕ್ಕ ಬಿಟ್ಟು ಹೋದ್ರು." ಸೇಡಂ ಕಡೆ ಕೇಳಿದೆ, ಚಿಂಚೋಳಿಯ ಗುಡ್ಡದ ಮೇಲೆ ಕೇಳಿದೆ, ಶಹಾಬಾದಿನ ಕಲ್ಲಿನ ಗಣಿಗಳ ನಡುವೆಯೂ ಕೇಳಿದೆ. ಎಲ್ಲ ಕಡೆಯೂ ಅದೇ ಒಂದು ರಾತ್ರಿ, ಅದೇ ಅವಸರದ ಕೋಳಿ. ನಮ್ಮ ಇಲಾಖೆಗೆ ಒಂದು ಬಾಗಿಲವಾಡ ಎಬ್ಬಿಸಿ ನಿಲ್ಲಿಸಲು ಎರಡು ಮಳೆಗಾಲ ಬೇಕು. ಆ ಪುಣ್ಯಾತ್ಮರು ಇಷ್ಟು ತಾಲ್ಲೂಕುಗಳ ಗುಡಿಗಳನ್ನು ಬೆಳಗಾಗುವುದರೊಳಗೆ ಮುಗಿಸಿದ್ದರೆ ಅವರನ್ನೇ ಗುತ್ತಿಗೆ ಮೇಲೆ ತೆಗೆದುಕೊಳ್ಳಬಹುದಿತ್ತು ಎಂದು ಒಮ್ಮೆ ಸಾಹೇಬರಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ. ಅವರು ಮೈಸೂರು ಕಡೆಯ ಎಂಜಿನಿಯರು. ನಮ್ಮ ಬಿಸಿಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಅವರ ನಗು ಆವಿಯಾಗಿತ್ತು. ಆ ಹಳೆಯ ಕಥೆಗಳನ್ನು ಕೇಳಿದರೆ ನನಗೆ ತಲೆನೋವು ಬರುತ್ತಿತ್ತು. ಅಳತೆ, ನಕ್ಷೆ, ಫೋಟೋ ಇವೇ ಖರೆ, ಉಳಿದದ್ದೆಲ್ಲ ಕಟ್ಟೆಪುರಾಣ ಎಂದು ನಂಬಿದ್ದೆ. ಈ ನಂಬಿಕೆ ಹೇಗೆ ಮಣ್ಣುಪಾಲಾಯಿತು ಎಂಬುದೇ ನಾನು ಹೇಳಬೇಕಾದದ್ದು.

ಅದಕ್ಕೆ ಮೊದಲು ನನ್ನ ಯೋಗ್ಯತೆ ಏನಿತ್ತು ಎಂದು ತಿಳಿಯಲಿ. ಶಹಾಬಾದ ಹತ್ತಿರದ ಒಂದು ಗುಡಿಯಲ್ಲಿ ಶಾಸನ ಹುಡುಕಲು ನನ್ನನ್ನು ಕಳಿಸಿದ್ದರು. ಮೂರು ದಿನ ಗೋಡೆ, ಕಂಬ, ಬಾವಿ ಎಲ್ಲ ತಡಕಿದೆ. ಮೂರನೇ ದಿನ ಒಗೆದ ಅಂಗಿಯನ್ನು ಹರವಲು ಒಂದು ಉದ್ದನೆಯ ಕಲ್ಲು ಆರಿಸಿಕೊಂಡೆ. ಅಂಗಿ ಒಣಗಿದ ಮೇಲೆ ತೆಗೆದು ನೋಡಿದರೆ ಅಂಗಿಯ ಬೆನ್ನಿನ ಮೇಲೆ, ಶಾಸನಗಳ ನೆತ್ತಿಯಲ್ಲಿ ಕೆತ್ತುವ ಸೂರ್ಯ, ಚಂದ್ರ, ಕರುವಿಗೆ ಹಾಲು ಕುಡಿಸುವ ಆಕಳು ಮಣ್ಣಿನಲ್ಲಿ ಅಚ್ಚಾಗಿದ್ದವು. ಮೂರು ದಿನ ಅದೇ ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತ, "ಇಲ್ಲಿ ಶಾಸನ ಇಲ್ಲ" ಎಂದು ಫೋನಿನಲ್ಲಿ ವರದಿ ಕೊಡುತ್ತಿದ್ದೆ. ಇನ್ನೊಮ್ಮೆ, ಒದ್ದೆ ಕಾಗದ ಬಡಿದು ಮಸಿ ಒತ್ತಿ ತೆಗೆದಿದ್ದ ಶಾಸನದ ಪ್ರತಿಯನ್ನು ಸುರುಳಿ ಮಾಡಿ ತರುವಾಗ ವಾಡಿ ಜಂಕ್ಷನ್ನಿನಲ್ಲಿ ಚಹಾಕ್ಕೆ ಇಳಿದೆ. ರೈಲು ನನ್ನನ್ನು ಬಿಟ್ಟು ಶಾಸನವನ್ನು ಕರೆದುಕೊಂಡು ಹೈದರಾಬಾದಿಗೆ ಹೋಯಿತು. ಇಂಥ ಮನುಷ್ಯನ ಕೈಗೆ ಒಂದು ಇಡೀ ಮಂಟಪ ಕೊಟ್ಟಿದ್ದು ಸಾಹೇಬರ ತಪ್ಪು ಎಂದು ಇವತ್ತಿಗೂ ನನ್ನ ವಾದ.

ಊರು ಸೇಡಂ ಕಡೆ, ಕಾಗಿಣಾ ನದಿಯ ದಂಡೆಯಲ್ಲಿದೆ. ಹೆಸರು ಬರೆಯುವುದಿಲ್ಲ. ಬರೆದರೆ ಮತ್ತೆ ಅಲ್ಲಿ ನನಗೆ ಯಾರೂ ರೊಟ್ಟಿ ಹಾಕುವುದಿಲ್ಲ. ಈಶ್ವರನ ಗುಡಿ, ಅದರ ಮುಂದೆ ತೆರೆದ ಮಂಟಪ. ಕರಿಕಲ್ಲಿನ ಕಂಬಗಳು. ಸುಣ್ಣ ಉದುರಿದ ಕಡೆ, ಚರಕಿಗೆ ಹಾಕಿ ತಿರುಗಿಸಿ ತೀಡಿದ ಅವುಗಳ ನಯ ಎಂಥದೆಂದರೆ ಅದರಲ್ಲಿ ನೋಡಿಕೊಂಡು ಕ್ರಾಪು ತಿದ್ದಬಹುದು. ಮಂಟಪದ ಅಂಚಿಗೆ ಸುತ್ತಲೂ ಕೂರುವ ಕಟ್ಟೆ. ಕೂತವರ ಬೆನ್ನಿಗೆ ಆನಿಕೆಯಾಗಿ ಹೊರಕ್ಕೆ ವಾಲಿದ ಹಾಸುಗಲ್ಲುಗಳು. ಪುಸ್ತಕದಲ್ಲಿ ಅದಕ್ಕೆ ಕಕ್ಷಾಸನ ಎನ್ನುತ್ತಾರೆ, ಊರಲ್ಲಿ ಒರಗುಗಲ್ಲು ಎನ್ನುತ್ತಾರೆ. ಒಂದು ಕಂಬ ಮಾತ್ರ ನಯವಿಲ್ಲದೆ ಒರಟಾಗಿತ್ತು. ಇಲ್ಲೂ ಕೋಳಿ ಕೂಗಿತ್ತಂತೆ.

ನಮ್ಮ ಶಹಾಬಾದಿನ ಮಹಿಬೂಬ್ ಮಿಸ್ತ್ರಿ ಆ ಕಂಬವನ್ನು ಬೆರಳಿನಿಂದ ತಟ್ಟಿ ನೋಡಿದ. ಮೂವತ್ತು ವರ್ಷದಿಂದ ಕಲ್ಲು ಒಡೆದ ಕೈ ಅದು.

"ಕೋಳಿ ಗೀಳಿ ಏನಿಲ್ಲ ಭಾಯಿ. ಒಳಗ ಸೀಳು ಅದ. ತಿರುಗಿಸಿದ್ರ ಒಡೀತಿತ್ತು. ಉಸ್ತಾದ್ ಶಾಣ್ಯಾ, ಸುಮ್ನ ಬಿಟ್ಟಾನ."

"ಮತ್ತ ಮಂದಿ ಯಾಕ ಕೋಳಿ ಅಂತಾರ?"

"ಉಸ್ತಾದನ ಕಲ್ಲು ಖರಾಬ್ ಇತ್ತು ಅನ್ನೋದಕ್ಕಿಂತ ಅದು ಇಜ್ಜತ್ತಿನ ಮಾತಲ್ಲ?"

ಮಂಟಪದ ಒಂದು ಬದಿ ಕುಸಿಯುತ್ತಿತ್ತು. ಪೂರ್ತಿ ಬಿಚ್ಚಿ, ತಳ ಗಟ್ಟಿ ಮಾಡಿ, ಕಲ್ಲಿಗೆ ಕಲ್ಲು ಮತ್ತೆ ಜೋಡಿಸಬೇಕೆಂದು ತೀರ್ಮಾನವಾಯಿತು. ಪೂಜೆ ನಿಲ್ಲಬಾರದೆಂದು ಉತ್ಸವಮೂರ್ತಿಯನ್ನು ಪಕ್ಕದ ತಗಡಿನ ಶೆಡ್ಡಿಗೆ ಸಾಗಿಸಿದರು. ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ನಂಬರು. ಸಾಹೇಬರ ಮಾತು ಸ್ಪಷ್ಟವಿತ್ತು: "ಕಲ್ಲಿನ ಮರೆ ಮುಖದ ಮೇಲೆ, ಅಳಿಸದ ಹಾಗೆ ಬರೀಬೇಕು ಸಿದ್ದು. ಎದುರಿಗೆ ಬರೀಬಾರದು." ನಾನು ಮೊದಲು ಎದುರಿಗೇ ನೀರಿನ ಬಣ್ಣದಲ್ಲಿ ಬರೆದೆ. ಫೋಟೋದಲ್ಲಿ ಚೆಂದ ಕಾಣಲಿ ಎಂಬ ಆಸೆ. ಸುತ್ತ ಚೌಕ ಹಾಕಿದೆ, ಕೆಲವಕ್ಕೆ ಮೂಲೆಯಲ್ಲಿ ಹೂವೂ ಬಿಡಿಸಿದೆ. ಮರೆ ಮುಖದ ನಂಬರನ್ನು ಕಲ್ಲು ಕೆಳಗಿಳಿದ ಮೇಲೆ ನಾಳೆ ಬರೆದರಾಯಿತು ಎಂದುಕೊಂಡೆ. ಕಲ್ಲುಗಳೆಲ್ಲ ಸಂಕ್ರಾಂತಿಗೆ ಇಳಿದವು. ನನ್ನ ನಾಳೆ ಯುಗಾದಿಯಾದರೂ ಬಂದಿರಲಿಲ್ಲ. ಫೋಟೋಗಳೂ ಅಷ್ಟಕ್ಕಷ್ಟೇ. ತಲೆಮಾರುಗಳಿಂದ ಹಚ್ಚಿದ ಸುಣ್ಣ ಗಟ್ಟಿಯಾಗಿ ಗುಡಿ ಮೊಸರನ್ನದ ಗುಡ್ಡೆಯಂತೆ ಕಾಣುತ್ತಿತ್ತು. ಮಂಟಪದ ಬಲ ಮಗ್ಗುಲಿನ ಹೊರಗೆ ಜಾಲಿ ಮುಳ್ಳು ಬೆಳೆದಿತ್ತೆಂದು ಆ ಕಡೆ ಫೋಟೋನೇ ತೆಗೆದಿರಲಿಲ್ಲ. ಅಲ್ಲಿ ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಈ ಮಾತನ್ನು ನೆನಪಿಡಿ.

ಇಳಿಸಿದ ಕಲ್ಲುಗಳ ಹಳೇ ಸುಣ್ಣವನ್ನೆಲ್ಲ ಕೆರೆದು ತೊಳೆದು, ನಂಬರುಗಳನ್ನು ಮತ್ತೆ ತಿದ್ದಿ ಬರೆದು, ಗುಡಿಯ ಪಕ್ಕದ ಹೊಲದಲ್ಲಿ ಸಾಲಾಗಿ ಮಲಗಿಸಿ, ಯುಗಾದಿಗೆ ನಾಲ್ಕು ದಿನ ಊರಿಗೆ ಹೋದೆ. ತಿರುಗಿ ಬಂದು ಬಸ್ಸಿಳಿದರೆ ಹೊಲದ ತುಂಬ ಬಿಳಿ ಕುರಿಗಳು ಮಲಗಿದ ಹಾಗೆ ಕಂಡಿತು. ಇಷ್ಟು ಕುರಿ ಯಾರವಪ್ಪಾ ಎಂದುಕೊಂಡು ಹತ್ತಿರ ಹೋದೆ. ಕುರಿಗಳಲ್ಲ. ಗುಡಿ ಕಮಿಟಿಯ ಅಧ್ಯಕ್ಷರಾದ ಮಾಲಿಪಾಟೀಲರು ಎದೆಯುಬ್ಬಿಸಿ ನಿಂತಿದ್ದರು. ಅಂಗಿಯ ತೋಳಿಗೂ ಸುಣ್ಣ ಹತ್ತಿತ್ತು.

"ಬರ್ರಿ ಸಿದ್ದಣ್ಣ, ಬರ್ರಿ. ಹ್ಯಾಂಗದ ನೋಡ್ರಿ! ಹಬ್ಬದ ದಿನ ದೇವರ ಕಲ್ಲು ಹಿಂಗ ಬತ್ತಲೆ ಬಿದ್ದಿರಬಾರದು ಅಂತ ಊರ ಮಂದಿ ಎಲ್ಲಾ ಕೂಡಿ ಎರಡೆರಡು ಕೈ ಸುಣ್ಣ ಹಚ್ಚೇವಿ."

"ನಂಬರು, ಪಾಟೀಲ್ರೆ?"

"ಯಾವ ನಂಬರು?"

"ಕಲ್ಲಿನ ಮ್ಯಾಲಿನ ನಂಬರ್ರಿ!"

"ಓ, ಅದಾ? ಹುಡುಗರು ಯಾರೋ ಗೀಚ್ಯಾರ ಅಂತ ಮೊದಲ ಎಲ್ಲಾ ತೊಳದೇವಿ. ನೀರು ಬಿದ್ದದ್ದೇ ತಡ, ಹೋದ್ವು. ಹೂವಿನ ಚಿತ್ರಾನೂ ಬರದಿದ್ರು, ಬದ್ಮಾಶ್ ಹುಡುಗರು!"

ನಾನು ಆ ಬದ್ಮಾಶ್ ಹುಡುಗರಿಗೆ ಅವರೊಂದಿಗೇ ನಿಂತು ಬೈದೆ. ಬೇರೆ ದಾರಿ ಇರಲಿಲ್ಲ. ಆಮೇಲೆ ಕಲ್ಲುಗಳ ನಡುವೆ ಕೂತು ತಲೆ ಚಚ್ಚಿಕೊಂಡೆ. ಮುನ್ನೂರಕ್ಕೂ ಹೆಚ್ಚು ಕಲ್ಲು. ಕೈಯಲ್ಲಿ ಬರಾಬರ್ ನಕ್ಷೆ ಇದೆ, ಅದರಲ್ಲಿ ಪ್ರತಿ ನಂಬರಿಗೂ ಜಾಗವಿದೆ. ಕಲ್ಲಿಗೆ ಮಾತ್ರ ನಂಬರಿಲ್ಲ. ಆ ಒರಟು ಕಂಬವೊಂದನ್ನು ಗುರುತು ಹಿಡಿದೆ. ಕೋಳಿಯ ಪುಣ್ಯದಿಂದ ಒಂದಾದರೂ ಸಿಕ್ಕಿತು.

ಸಾಹೇಬರು ಬಂದರು. ಹೊಲದ ಬದುವಿನ ಮೇಲೆ ನಿಂತು ಬಿಳಿ ಸಾಲುಗಳನ್ನು ಕಣ್ಣಲ್ಲೇ ಎಣಿಸಿದರು.

"ಸಿದ್ದು, ನಂಬರ್ ಎಲ್ರೀ?"

"ಸುಣ್ಣದ ಕೆಳಗ ಅದ ಸಾಹೇಬ್ರೆ. ಅಂದ್ರ... ಇತ್ತು."

"ಮರೆ ಮುಖದ ಮೇಲೆ ಬರೀರಿ ಅಂತ ಹೇಳಿದ್ನೋ ಇಲ್ವೋ?"

"ಹೇಳಿದ್ರಿ."

"ಬರೆದ್ರಾ?"

"ಮನಸಿನ್ಯಾಗ ಬರಕೊಂಡಿದ್ದೆ ರೀ."

ಅವರು ಕನ್ನಡಕ ತೆಗೆದು ಒರೆಸಿದರು. ನನ್ನನ್ನು ಅಸ್ಪಷ್ಟವಾಗಿ ನೋಡುವುದೇ ಅವರಿಗೆ ನೆಮ್ಮದಿ ಎಂದು ಕಾಣುತ್ತದೆ. "ಕೇಳಿ. ಮುಂಗಾರು ಶುರುವಾಗೋದ್ರೊಳಗೆ ಮಂಟಪ ನಿಲ್ಲಬೇಕು. ಇಲ್ಲದಿದ್ರೆ 'ಮರುಜೋಡಣೆ ಸಾಧ್ಯವಿಲ್ಲ' ಅಂತ ಬರೆದು ಕೆತ್ತನೆ ಇರೋ ಕಲ್ಲುಗಳನ್ನ ಗೋಡೌನಿಗೆ ಸಾಗಿಸ್ತೀನಿ. ಉಳಿದದ್ದು ಊರವರ ಇಷ್ಟ."

ಊರವರ ಇಷ್ಟ ಏನೆಂದು ಮಾಲಿಪಾಟೀಲರು ತಕ್ಷಣ ಹೇಳಿದರು. "ಚಿಂತಿ ಬ್ಯಾಡ್ರಿ ಸಾಹೇಬ್ರೆ. ಆರ್‌ಸಿಸಿ ಸ್ಲ್ಯಾಬ್ ಹಾಕ್ತೀವಿ. ಸುತ್ತ ಸ್ಟೀಲಿನ ಪೈಪು, ಕೆಳಗ ಫಳಫಳ ಟೈಲ್ಸು. ನಮ್ಮ ಕಡಿ ಸಿಮೆಂಟಿಗೇನು ಬರಗಾಲ ಅದ?"

ಒಂಬೈನೂರು ವರ್ಷ ನಿಂತಿದ್ದ ಮಂಟಪ ನನ್ನ ನೀರಿನ ಬಣ್ಣದಿಂದಾಗಿ ಸ್ಟೀಲಿನ ಪೈಪಾಗಲಿತ್ತು.

ಮರುದಿನದಿಂದ ನಾನು, ಮಹಿಬೂಬ್ ಮಿಸ್ತ್ರಿ, ಚೈನ್ ಪುಲ್ಲಿ ಎಳೆಯುವ ಭೀಮಶಾ ಮೂವರೂ ಅಳತೆಪಟ್ಟಿ ಹಿಡಿದು ಕೂತೆವು. ಭೀಮಶಾ ಊರ ಹೊರಗಿನ ಕೇರಿಯವನು, ಐವತ್ತರ ಆಸುಪಾಸು. ಮಾತು ಕಡಿಮೆ, ಕೆಲಸ ಜಾಸ್ತಿ. ಅವನ ಗುಡಿಸಿಲ ಬಾಗಿಲ ಮೇಲೆ ಬುದ್ಧನ ಪಟವಿತ್ತು. ಬಿಚ್ಚುವಾಗ ಒಂದೂ ಕಲ್ಲಿನ ಮೂಲೆ ಮುಕ್ಕಾಗದಂತೆ ಇಳಿಸಿದ್ದು ಅವನ ಕೈ. ಎಂಟು ದಿನ ಅಳೆದೆವು. ಹಳೇ ಕಾಲದವರು ಎಲ್ಲ ತೊಲೆಗಳನ್ನೂ ಒಂದೇ ಅಳತೆಗೆ ಕಡಿದಿದ್ದರು. ಅವರ ಶಿಸ್ತಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬನಾದರೂ ನನ್ನಂಥವನು ಆ ಕೆಲಸದಲ್ಲಿ ಇರಬಾರದಿತ್ತೇ?

ಒಂಬತ್ತನೇ ದಿನ ಗುರುಬಾಯಿ ಆಯಿ ಕೋಲೂರುತ್ತ ಹೊಲಕ್ಕೆ ಬಂದಳು. ದಿನಾ ಸಂಜೆ ಗುಡಿಗೆ ದೀಪ ಹಚ್ಚುವ ಮುದುಕಿ. ಬಂದವಳೇ ಬೈಗುಳ ಶುರು ಮಾಡಿದಳು.

"ಎಷ್ಟ್ ದಿನ ಆತೋ ತಮ್ಮಾ? ಕಲ್ಲಿನ ನೆಳ್ಳಾಗಿದ್ದ ದೇವರು, ಈಗ ತಗಡಿನ ಶೆಡ್ಡಿನ್ಯಾಗ ಬೇಯಲಿಕತ್ತಾನ. ನೀ ಇಲ್ಲಿ ಕಲ್ಲಿಗಿ ಅಂಗಿ ಹೊಲಿಯೋರಂಗ ಅಳತಿ ತಗೋಳಾಕತ್ತೀದಿ."

"ಯಾವ ಕಲ್ಲು ಎಲ್ಲಿತ್ತು ಗೊತ್ತಾಗವಲ್ದು ಆಯಿ."

"ಗೊತ್ತಾಗವಲ್ದು? ಇದು ನನ್ನ ಕಂಬ." ಕೋಲಿನಿಂದ ಒಂದು ಕಂಬಕ್ಕೆ ಬಡಿದಳು. "ದೇವರ ಎಡಕ ಇದ್ದದ್ದು."

"ಹ್ಯಾಂಗ ಗುರ್ತು ಹಿಡದಿ?"

"ನಲವತ್ತು ವರ್ಷ ಇದಕ್ಕ ಎಣ್ಣಿ ಕೈ ಒರಸೀನಿ. ಎಣ್ಣಿ ಕುಡದ ಕಲ್ಲಿನ ಮ್ಯಾಲ ಸುಣ್ಣ ನಿಲ್ತದೇನೋ? ಕಣ್ಣು ಎಲ್ಲಿಟ್ಟೀದಿ?"

ಬಗ್ಗಿ ನೋಡಿದೆ. ಬಿಳಿ ಸುಣ್ಣದ ನಡುವೆ ಅಂಗೈಯಗಲದ ಒಂದು ಕಪ್ಪು ಗುರುತು. ಅಲ್ಲಿ ಸುಣ್ಣ ಹಿಡಿದೇ ಇರಲಿಲ್ಲ. ಮಹಿಬೂಬ್ ಮಿಸ್ತ್ರಿ ಹಣೆ ಬಡಿದುಕೊಂಡ. "ಯಾ ಅಲ್ಲಾ! ಎಂಟು ದಿನ ನಾವು ಟೇಪು ಹಿಡದು ಕುಂತೇವಿ, ಅಕಲ್ ಎಣ್ಣಿ ಕೈಯಾಗ ಇತ್ತು!"

ಅವತ್ತಿಂದ ಊರವರನ್ನೇ ಕರೆದೆವು. ಒಂದು ಹೊಸ ರಿಜಿಸ್ಟರ್ ತೆಗೆದೆ. ನಂಬರಿನ ಕಾಲಂನಲ್ಲಿ ನಂಬರಿನ ಬದಲು ಹೆಸರು. ಕುಡುಗೋಲು ಮಸೆದು ಸವೆದ ತೊಲೆಯ ಅಂಚನ್ನು ಒಬ್ಬ ಗುರುತು ಹಿಡಿದ. ಹುಲಿಮನೆ ಆಟದ ಗೆರೆ ಕೊರೆದ ಹಾಸುಗಲ್ಲನ್ನು, "ಇಲ್ಲೇ ನಾ ಸೋತಿದ್ದೆ" ಎಂದು ಮತ್ತೊಬ್ಬ ತೋರಿಸಿದ. ಬಾಣಂತಿಯರು ಅರಿಷಿಣ ಹಚ್ಚುವ ಲಕ್ಷ್ಮಿಯ ಬಾಗಿಲತೊಲೆ, ಗಂಟೆಯ ಸರಪಳಿ ಉಜ್ಜಿದ ಕಲ್ಲು, ಪಾರಿವಾಳ ತತ್ತಿ ಇಡುವ ಸಂದು. 'ಗುರುಬಾಯಿ ಎಣ್ಣಿ', 'ಹಣಮಂತ ಕುಡುಗೋಲು' ಹೀಗೆ ಪುಟದ ಮೇಲೆ ಪುಟ ತುಂಬಿತು. ಸರಕಾರಿ ದಾಖಲೆಯಲ್ಲಿ ಪಾರಿವಾಳಕ್ಕೂ ಜಾಗ ಸಿಕ್ಕಿದ್ದು ಬಹುಶಃ ಅದೇ ಮೊದಲು. ಹೊಸ ತಳದ ಮೇಲೆ ಕಂಬ ಎದ್ದವು, ಕಂಬದ ನೆತ್ತಿಗೆ ಬೋದಿಗೆ ಕೂತವು, ತೊಲೆ ಏರಿದವು. ಮಾಲಿಪಾಟೀಲರು ಟೈಲ್ಸಿನ ಮಾತು ಬಿಟ್ಟು ದಿನಾ ಚಹಾ ಕಳಿಸತೊಡಗಿದರು.

ಎಲ್ಲ ಸಲೀಸಾಗಿ ಮುಗಿದಿದ್ದರೆ ನಾನು ಈ ಕೆಲಸದಲ್ಲಿ ಇದ್ದೆ ಎಂದು ಯಾರು ನಂಬುತ್ತಿದ್ದರು? ಬಲ ಮಗ್ಗುಲಿನ ಒರಗುಗಲ್ಲುಗಳ ಹತ್ತಿರ ಬಂದು ಗಾಡಿ ನಿಂತಿತು. ಒಂಬತ್ತು ಕಲ್ಲು, ಎಲ್ಲವೂ ಒಂದೇ ಎತ್ತರ, ಒಂದೇ ಅಗಲ. ಒಳಮುಖ ನುಣ್ಣಗೆ. ಹೊರಮುಖದಲ್ಲಿ ಒಂದೊಂದರ ಮೇಲೆ ಒಬ್ಬೊಬ್ಬ ನರ್ತಕಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಊರ ಹಿರಿಯರನ್ನು ಕರೆದು ಕೇಳಿದೆ. ಜಗಳವೇ ಹತ್ತಿತು.

"ಇದು ನಾ ಒರಗಿ ಕೂಡೋ ಕಲ್ಲು. ನನ್ನ ಬೆನ್ನಿಗಿ ಗುರ್ತದ" ಎಂದರು ಮಾಲಿಪಾಟೀಲರು.

"ಅದು ನನ್ನದು ಕಾಕಾ. ನಿಂದು ಮೂಲ್ಯಾಗಿಂದು" ಎಂದ ಹಣಮಂತ.

"ಏ, ಮೂಲ್ಯಾಗ ನಮ್ಮಪ್ಪ ಕೂಡ್ತಿದ್ದ!"

ಒಂಬತ್ತು ಕಲ್ಲಿಗೆ ಹದಿನಾಲ್ಕು ಬೆನ್ನುಗಳು. ಒಬ್ಬೊಬ್ಬರನ್ನೂ ಕೂರಿಸಿ ಒರಗಿಸಿ ನೋಡಿದೆವು. ಎಲ್ಲರಿಗೂ ಎಲ್ಲ ಕಲ್ಲೂ ಹಾಯೆನಿಸಿತು. ಇಬ್ಬರು ಅಲ್ಲೇ ನಿದ್ದೆ ಹೋದರು. ಕೊನೆಗೆ, "ಬೆನ್ನು ಬಿಡ್ರಿ. ಹೊರಗ ಯಾವ ಜಾಗದಾಗ ಯಾವ ನರ್ತಕಿ ಇದ್ಲು, ಅದನ್ನರೆ ಹೇಳ್ರಿ" ಎಂದೆ. ಹದಿನಾಲ್ಕು ಜನ ಮುಖ ಮುಖ ನೋಡಿಕೊಂಡರು. ಹುಟ್ಟಿದಾಗಿನಿಂದ ಅವುಗಳಿಗೆ ಬೆನ್ನು ಕೊಟ್ಟು ಕೂತವರು, ಹೊರಗೆ ಮುಖ ಹೇಗಿದೆ ಎಂದು ಒಬ್ಬರೂ ನೋಡಿರಲಿಲ್ಲ. ನಾನಂತೂ ಮುಳ್ಳಿಗೆ ಹೆದರಿ ಫೋಟೋನೂ ತೆಗೆದಿರಲಿಲ್ಲ. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ಸಾಹೇಬರು ಮೂರು ದಿನದಲ್ಲಿ ಬರುತ್ತೇನೆಂದು ಫೋನು ಮಾಡಿದ್ದರು. ಒರಗುಗಲ್ಲು ಕೂರದೆ ಮೇಲಿನ ಗಿಡ್ಡಗಂಬ ನಿಲ್ಲುವುದಿಲ್ಲ, ಗಿಡ್ಡಗಂಬವಿಲ್ಲದೆ ಆ ಬದಿಯ ಮಾಳಿಗೆ ಏರುವುದಿಲ್ಲ.

ನಾನು ಸಿಟ್ಟಿನಿಂದ ರಿಜಿಸ್ಟರನ್ನು ನೆಲಕ್ಕೆ ಕುಕ್ಕಿದೆ. "ಈ ಊರಾಗ ಕಣ್ಣಿದ್ದೋರು ಒಬ್ಬರೂ ಇಲ್ಲೇನು?"

ಸರಪಳಿಗೆ ಎಣ್ಣೆ ಬಿಡುತ್ತಿದ್ದ ಭೀಮಶಾ ತಲೆ ಎತ್ತದೆ ಹೇಳಿದ, "ಮದ್ದಳಿಯಾಕಿ ಮೊದಲ ರೀ."

"ಏನಂದಿ?"

"ಮೊದಲ ಮದ್ದಳಿ ಬಡಿಯಾಕಿ. ಆ ಸಪ್ಪಳ ಕೇಳಿ ಎರಡನೆಯಾಕಿ ಓಡಿ ಬರ್ತಾಳ, ಕಾಲಾಗ ಮುಳ್ಳು ಮುರೀತದ. ಮುಳ್ಳು ತಗಿಲಾಕ ಬಗ್ಗಿದ್ದೇ ತಡ, ಮೂರನೆಯಾಕಿ ಸೀರಿ ಮಂಗ್ಯಾ ಹಿಡೀತದ. ಮಂಗ್ಯಾನ ಓಡಸಲಿಕ್ಕ ನಾಲ್ಕನೆಯಾಕಿ ಬಿಲ್ಲು ಎತ್ತತಾಳ. ಅದನ್ನ ನೋಡಿ ಐದನೆಯಾಕಿ ಕೈಯಾಗಿನ ಗಿಣಿ ನಗ್ತದ..." ಒಂದೂ ತೊದಲದೆ ಒಂಬತ್ತರವರೆಗೆ ಹೇಳಿದ. "ಕಡೀಗಿ ಕನ್ನಡಿಯಾಕಿ. ಆಕಿ ತನ್ನ ಮಾರಿ ನೋಡಕೊಳ್ಳಾಕತ್ತಿಲ್ಲ ರೀ. ಹೊರಗ ನಿಂತೋರು ಯಾರ್ಯಾರು ಬಂದಾರ ಅಂತ ಕನ್ನಡ್ಯಾಗ ನೋಡ್ತಾಳ. ಎಲ್ಲಾರಿಗೂ ಪ್ರಸಾದ ಮುಟ್ಟಿದ ಮ್ಯಾಲೇ ಕನ್ನಡಿ ಇಳಸ್ತಾಳ ಅಂತಿದ್ಲು ನಮ್ಮವ್ವ."

ಮಹಿಬೂಬ್ ಮಿಸ್ತ್ರಿ ಆಗಲೇ ಮದ್ದಳೆಯ ಕಲ್ಲಿನ ಪಕ್ಕಕ್ಕೆ ಮುಳ್ಳಿನ ಕಲ್ಲನ್ನು ಎಳೆಸುತ್ತಿದ್ದ. ಒಂದರ ಅಂಚಿನಲ್ಲಿದ್ದ ಸಣ್ಣ ಬಿರುಕು ಇನ್ನೊಂದರಲ್ಲಿ ಹಾಗೇ ಮುಂದುವರಿಯಿತು. ಮೂರನೆಯದು ಇಟ್ಟ. ಮಂಗನ ಬಾಲದ ತುದಿ ನಾಲ್ಕನೆಯ ಕಲ್ಲಿನಲ್ಲಿತ್ತು. ಅದನ್ನು ನಾವೆಲ್ಲ ಇಷ್ಟು ದಿನ ಹೂಬಳ್ಳಿ ಎಂದುಕೊಂಡಿದ್ದೆವು. "ಬರಾಬರ್!" ಎಂದು ಮಿಸ್ತ್ರಿ ಕೂಗಿದ. "ಕೂದಲು ಹೋಗೋವಷ್ಟೂ ಸಂದಿಲ್ಲ!"

ಇಷ್ಟು ವರ್ಷ ನಾನು ಯಾವುದನ್ನು ಕಟ್ಟೆಪುರಾಣ ಎಂದು ಬೈದಿದ್ದೆನೋ ಅದೇ ನಕ್ಷೆಯಾಗಿ ಎದುರಿಗೆ ಕೂತಿತ್ತು. ಆದರೂ ನನಗೆ ಮೊದಲು ಬಂದದ್ದು ಸಿಟ್ಟೇ.

"ಭೀಮಶಾ, ಇಷ್ಟು ತಿಂಗಳು ನನ್ನ ಮಗ್ಗಲದಾಗೇ ಇದ್ದೀದಿ. ಮೊದಲ ಯಾಕ ಹೇಳಲಿಲ್ಲೋ ಮಾರಾಯ?"

"ನೀವ್ ಕೇಳಿಲ್ಲಲ್ರಿ" ಎಂದ. "ಪಾಟೀಲರ ಓಣಿ ಕೇಳಿದ್ರಿ, ಗೌಡರ ಓಣಿ ಕೇಳಿದ್ರಿ. ಪಾರಿವಾಳದ್ದೂ ಬರದೀರಿ."

ನೆಲಕ್ಕೆ ಕುಕ್ಕಿದ್ದ ರಿಜಿಸ್ಟರನ್ನು ಎತ್ತಿ ಧೂಳು ಒರೆಸಿದೆ.

ಅವನ ತಾಯಿ ಶಾಂತಾಬಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ಕಾಲದಲ್ಲಿ ಕೇರಿಯವರು ಮಂಟಪ ಹತ್ತುವಂತಿರಲಿಲ್ಲ. ಸೋಮವಾರ ಪ್ರಸಾದಕ್ಕೆ ಬಲ ಮಗ್ಗುಲ ಹೊರಗೆ ನಿಲ್ಲಬೇಕು. ಆಗ ಅಲ್ಲಿ ಜಾಲಿ ಇರಲಿಲ್ಲ, ಜನ ನಿಲ್ಲುವುದು ನಿಂತ ಮೇಲೆ ಬೆಳೆದದ್ದು. ಒಳಗೆ ಪೂಜೆ ಮುಗಿಯುವ ತನಕ ಸೊಂಟದ ಮೇಲಿನ ಮಗ ಅಳಬಾರದಲ್ಲ? ಎದುರಿಗಿದ್ದ ಒಂಬತ್ತು ಹೆಂಗಸರನ್ನು ತೋರಿಸಿ ತೋರಿಸಿ ಅವಳೇ ಕಥೆ ಕಟ್ಟಿದ್ದಳು.

"ಎಲ್ಲಾರ ಹೆಸರು ಬರದೀರಿ. ನಮ್ಮವ್ವಂದೂ ಬರೀರಿ" ಎಂದ ಭೀಮಶಾ. ಕೇಳಿದ್ದು ಅಷ್ಟೇ.

ಮಾಲಿಪಾಟೀಲರು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡರು. "ಅಲ್ಲೋ ಭೀಮ್ಯಾ, ಹೊರಗ ನಿಂತಾಕಿ ಹೆಸರು ಮಂಟಪದ ಕಲ್ಲಿಗಿ ಹ್ಯಾಂಗ ಬರಸಬೇಕು? ಒಳಗ ಕುಂತೋರು ನಾವು."

ನಾನು ಬಾಯಿ ತೆರೆಯುವ ಮೊದಲೇ ಗುರುಬಾಯಿ ಆಯಿಯ ಕೋಲು ನೆಲಕ್ಕೆ ಬಡಿಯಿತು.

"ಏ ಪಾಟೀಲಾ, ನಿನ್ನ ಬೆನ್ನಿನ ಹೆಸರು ಬರಸಲಿಕ್ಕ ಜಗಳ ತಗದಿದ್ದೀ. ಆಕಿ ಕಣ್ಣಿನ ಹೆಸರು ಬರದ್ರ ನಿಂದೇನು ಗಂಟು ಹೋಗ್ತದ? ಬರಿಯೋ ಸಿದ್ದೂ."

ಮಾಲಿಪಾಟೀಲರು ಎದ್ದು ಬಂದು, ತಾವು ಐವತ್ತು ವರ್ಷ ಬೆನ್ನು ಆನಿಸಿದ ಕಲ್ಲಿನ ಹೊರಮುಖವನ್ನು ಮೊದಲ ಸಲ ಬಗ್ಗಿ ನೋಡಿದರು. ಕಾಲಿನ ಮುಳ್ಳು ತೆಗೆಯುವವಳು. ಆ ದಿನದ ಚಹಾ ಎಲ್ಲರಿಗೂ ಒಂದೇ ಕಿಟ್ಲಿಯಿಂದ ಬಂತು. ಅದನ್ನು ನಾನು ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆಯಬೇಕಿತ್ತು.

ಈ ಸಲ ನಾಳೆ ಎನ್ನಲಿಲ್ಲ. ಕಲ್ಲು ಏರಿಸುವ ಮೊದಲು ಪ್ರತಿಯೊಂದರ ಮರೆ ಮುಖದ ಮೇಲೆ, ಅಳಿಸದ ಬಣ್ಣದಲ್ಲಿ, ನಿಯಮದ ಪ್ರಕಾರ ಬರೆದೆ. ಬರೆದದ್ದು ಮಾತ್ರ ನಿಯಮದ ಪ್ರಕಾರ ಇರಲಿಲ್ಲ. ಗುರುಬಾಯಿ ಎಣ್ಣಿ. ಹಣಮಂತ ಕುಡುಗೋಲು. ಒಂಬತ್ತು ಒರಗುಗಲ್ಲುಗಳ ತಳಕ್ಕೆ ಶಾಂತಾಬಾಯಿ ಒಂದು, ಶಾಂತಾಬಾಯಿ ಎರಡು, ಹೀಗೆ ಒಂಬತ್ತರ ತನಕ. ಕೊನೆಯ ಕಲ್ಲು ಕೂತ ಸಂಜೆ ಮಳೆ ಬಂತು. ದೇವರು ಅವತ್ತೇ ತಗಡಿನಿಂದ ಪಾರಾದ.

ಸಾಹೇಬರು ಮಂಟಪ ನೋಡಿ ಸಂತೋಷಪಟ್ಟರು. ಆಮೇಲೆ ಮರೆ ಮುಖಗಳ ಫೋಟೋ ನೋಡಿದರು.

"ಇದೇನ್ರೀ ಸಿದ್ದು? ಕೋಡ್ ನಂಬರ್ ಎಲ್ಲಿ? ಶಾಂತಾಬಾಯಿ ಯಾರು? ಯಾವ ಪದ್ಧತಿ ಇದು?"

"ಸುಣ್ಣ ಹಚ್ಚಿದ್ರೂ ಅಳಿಸದ ಪದ್ಧತಿ ಸಾಹೇಬ್ರೆ."

ಈ ಉತ್ತರ ಜೋಕಾಗಿರಲಿಲ್ಲ. ಅವರು ಜೋಕೆಂದುಕೊಂಡರು. ವರದಿಯಲ್ಲಿ 'ಸ್ಥಳೀಯರ ಮೌಖಿಕ ಮಾಹಿತಿ ಆಧರಿಸಿ' ಎಂದು ಅರ್ಧ ಸಾಲು ಉಳಿಯಿತು, ಹೆಸರುಗಳೆಲ್ಲ ಹೋದವು. ನನ್ನ ಕಡತದಲ್ಲಿ 'ನಿಯಮಬಾಹಿರ ಗುರುತು' ಎಂದು ಒಂದು ಪೂರ್ತಿ ಸಾಲು ಸೇರಿತು. ಮುಂದಿನ ವರ್ಷ ಕೈ ಮುಗಿದ ಚಿತ್ರ ಬಂತು.

ಹೋದ ತಿಂಗಳು ಸುಮ್ಮನೆ ಆ ಊರಿಗೆ ಹೋಗಿದ್ದೆ. ಮಂಟಪದಲ್ಲಿ ಹಣಮಂತ ಯಾರೋ ಪರ ಊರಿನವರಿಗೆ ಕಥೆ ಹೇಳುತ್ತಿದ್ದ. "ಪೂರಾ ಬಿಚ್ಚಿ ಹೊಲದಾಗ ಹಾಕಿದ್ರು ರೀ. ನಂಬರಿಲ್ಲ, ಏನಿಲ್ಲ. ಒಂದೇ ರಾತ್ರ್ಯಾಗ ಎದ್ದು ನಿಂತದ."

ನನಗೆ ರಕ್ತ ಕುದಿಯಿತು. ನನ್ನ ಬೆವರು, ಮಿಸ್ತ್ರಿಯ ಕೈ, ಭೀಮಶಾನ ಸರಪಳಿ ಎಲ್ಲವನ್ನೂ ಮತ್ತೆ ಆ ಹಾಳು ರಾತ್ರಿಯೇ ನುಂಗಿತ್ತು. ಎದ್ದು ಜಗಳಕ್ಕೆ ಹೊರಟವನನ್ನು ಪಕ್ಕದಲ್ಲಿದ್ದ ಭೀಮಶಾ ಅಂಗಿ ಹಿಡಿದು ಕೂರಿಸಿದ. "ಕುಂದರ್ರಿ. ಕಥಿ ಇರಲಿ. ಅದೇ ಇದ್ದದ್ದಕ್ಕ ಅಲ್ಲೇನ್ರಿ ನಿಮ್ಮ ಕೆಲಸ ಆಗಿದ್ದು?"

ಮಂಟಪದ ಬಲ ಮಗ್ಗುಲಿಗೆ ಹೋದೆ. ಜಾಲಿ ಮತ್ತೆ ಬೆಳೆದಿಲ್ಲ. ಯಾರೋ ದಿನಾ ಕಸ ಗುಡಿಸುತ್ತಾರೆ. ಕನ್ನಡಿಯಾಕಿ ಕನ್ನಡಿಯನ್ನು ಇನ್ನೂ ಇಳಿಸಿಲ್ಲ.

ಹೊಸಬರೇ, ಆ ಮಂಟಪದ ತಳ ಇನ್ನೊಂದು ಒಂಬೈನೂರು ವರ್ಷ ಕುಸಿಯಬಾರದು. ಆದರೆ ಸಿದ್ದು ನಿಂತು ಹಾಕಿಸಿದ ತಳ, ನಿಮ್ಮ ಕಾಲದಲ್ಲೇ ಬಿಚ್ಚಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಆ ಒಂಬತ್ತನೆಯ ಕಲ್ಲನ್ನು ಎತ್ತಿದಾಗ ತಳದಲ್ಲಿ ಒಬ್ಬಳ ಹೆಸರು ಕಾಣುತ್ತದೆ. ದಯವಿಟ್ಟು ಹುಡುಗರು ಗೀಚಿದ್ದಾರೆ ಎಂದು ತೊಳೆಯಬೇಡಿ.